ಮೂರನೇ ಕೋಣೆಯ ತೂಕದ ಯಂತ್ರವನ್ನು ನಾನು ಮುಟ್ಟಿದ್ದೇಕೆ

ಮಕ್ಕಳ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ತಮ್ಮ ಕಚೇರಿಯ ನೋಟಿಸು ಕೈಸೇರಿತು. ಹೊರರೋಗಿ ವಿಭಾಗದ ಮೂರನೇ ಕೋಣೆಯಲ್ಲಿರುವ ತೂಕದ ಯಂತ್ರವನ್ನು ಅನುಮತಿಯಿಲ್ಲದೆ ಮುಟ್ಟಿದ್ದೇಕೆ ಎಂದು ಹದಿನೈದು ದಿನಗಳೊಳಗೆ ಲಿಖಿತ ವಿವರಣೆ ಕೊಡಬೇಕಂತೆ. ನನ್ನ ಮಗಳ ಹೊಟ್ಟೆ ಏಕೆ ಉಬ್ಬುತ್ತಿದೆ, ಅವಳೇಕೆ ಸೊರಗುತ್ತಿದ್ದಾಳೆ ಎಂದು ನಾನು ಏಳು ತಿಂಗಳು ಕೇಳಿದೆ. ಆಗ ಈ ಆಸ್ಪತ್ರೆಯಲ್ಲಿ ಯಾರೂ ತಮಗೆ ತಾವೇ ಗಡುವು ಹಾಕಿಕೊಳ್ಳಲಿಲ್ಲ. ಇರಲಿ, ವಿವರಣೆ ಕೊಡುತ್ತೇನೆ. ನಿಮಗೊಬ್ಬರಿಗೇ ಕೊಟ್ಟರೆ ಅದು ಕಡತದೊಳಗೆ ಸೇರಿ ತಣ್ಣಗಾಗುತ್ತದೆ ಎಂಬ ಭಯದಿಂದ ಪತ್ರಿಕೆಯ ಮೂಲಕ ಕೊಡುತ್ತಿದ್ದೇನೆ.

ನನ್ನ ಮಗಳಿಗೆ ಈಗ ಐದು ವರ್ಷ. ಒಂದು ಕಡೆ ನಿಲ್ಲದೆ ತಿರುಗುತ್ತಿದ್ದವಳು ಎಂದು ಮನೆಯಲ್ಲಿ ಅವಳನ್ನು ಬುಗುರಿ ಎನ್ನುತ್ತೇವೆ. ಹತ್ತು ತಿಂಗಳ ಹಿಂದೆ ಆ ಬುಗುರಿ ನಿಧಾನವಾಯಿತು. ಮೊದಲು ಹೊಟ್ಟೆನೋವು ಎಂದಳು. ಆಮೇಲೆ ದಿನಕ್ಕೆ ನಾಲ್ಕೈದು ಸಲ ಭೇದಿ, ಮತ್ತೆ ಮೂರು ದಿನ ಏನೂ ಇಲ್ಲ. ನಮ್ಮ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದನೆಯದರಲ್ಲಿ ಕೂತುಬಿಡುತ್ತಿದ್ದಳು. ಹಟವಿಲ್ಲ, ಅಳುವಿಲ್ಲ, ಸುಮ್ಮನೆ ಕೂರುವುದು. ಶಾಲೆಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆಂದು ಟೀಚರ್ ಚೀಟಿ ಕಳಿಸಿದರು.

ನಿಮ್ಮಲ್ಲಿಗೆ ಬಂದೆವು. ಮೊದಲ ಸಲ ಒಂದನೇ ಕೋಣೆಯಲ್ಲಿ ತೂಕ ನೋಡಿದರು: ಹದಿನಾರು ಕಿಲೋ. ಆಮೇಲಿನ ಭೇಟಿಗಳೆಲ್ಲ ಮೂರನೇ ಕೋಣೆಯಲ್ಲಿ. ಜಂತುಹುಳುವಿಗೆ ಔಷಧಿ ಕೊಟ್ಟರು, ಗ್ಯಾಸಿಗೆ ಕೊಟ್ಟರು, ಹಸಿವಿಗೆ ಒಂದು ಕೆಂಪು ಟಾನಿಕ್ ಬರೆದರು. ಹೊಟ್ಟೆಗೆ ಹಗುರವಾಗಿರಲೆಂದು ಬ್ರೆಡ್ಡು, ಬಿಸ್ಕತ್ತು ಕೊಡಿ ಎಂದರು. ಐದನೇ ತಿಂಗಳಲ್ಲಿ ಮೂರನೇ ಕೋಣೆಯ ಯಂತ್ರ ಹದಿನಾರೂವರೆ ತೋರಿಸಿತು. ಹಿರಿಯ ವೈದ್ಯರು ಅಂಕಿಯ ಕೆಳಗೊಂದು ಗೆರೆ ಎಳೆದು, ತೂಕ ಏರುತ್ತಿರುವ ಮಗುವಿಗೆ ದೊಡ್ಡ ಕಾಯಿಲೆ ಇರುವುದಿಲ್ಲ ಎಂದು ನಮ್ಮನ್ನು ಕಳಿಸಿಕೊಟ್ಟರು.

ನನ್ನ ಹೆಂಡತಿ ಹೊಲಿಗೆ ಕೆಲಸದವಳು. ಅವಳಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಮಗಳ ಫ್ರಾಕಿನ ಸೊಂಟವನ್ನು ಬಿಚ್ಚಿ ಅಗಲ ಮಾಡಿದ್ದವಳೂ ಅವಳೇ, ತೋಳನ್ನು ಎರಡು ಸಲ ಚಿಕ್ಕದು ಮಾಡಿದ್ದವಳೂ ಅವಳೇ. ಮುಂದಿನ ಭೇಟಿಗೆ ಐದು ತಿಂಗಳ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಳು. ವೈದ್ಯರು ನಕ್ಕರು. ಮಗುವಿಗೆ ಬಟ್ಟೆ ಹೊಲಿಸಲು ಬಂದಿಲ್ಲವಲ್ಲಮ್ಮ, ಅಂದರು. ಅವಳು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆ ಹಾಳೆಯಲ್ಲಿ ರೋಗದ ಅರ್ಧ ಗುರುತು ಇತ್ತೆಂದು ನಂತರ ನಿಮ್ಮದೇ ವೈದ್ಯೆಯೊಬ್ಬರು ಹೇಳಿದರು. ಹೊಟ್ಟೆ ದಪ್ಪವಾಗುತ್ತ ಕೈಕಾಲು ಬಡಕಲಾಗುವುದನ್ನು ಓದಲು ಬರಬೇಕಾದದ್ದು ಯಾರಿಗೆ, ದರ್ಜಿಗೋ ವೈದ್ಯರಿಗೋ?

ಇನ್ನು ನನ್ನ ವಿಚಾರ. ನಾನು ತೂಕದ ಯಂತ್ರಗಳನ್ನು ರಿಪೇರಿ ಮಾಡುವವನು. ತರಕಾರಿ ಅಂಗಡಿ, ಗುಜರಿ ಅಂಗಡಿ, ಗೋದಾಮು, ಎಲ್ಲ ಕಡೆಯ ಯಂತ್ರಗಳೂ ನನ್ನ ಮೇಜಿಗೆ ಬರುತ್ತವೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಒಂದು ಮಧ್ಯಾಹ್ನ ಮಗಳನ್ನು ಅಂಗಡಿಗೆ ಕರೆದೊಯ್ದು ನನ್ನ ಯಂತ್ರದ ಮೇಲೆ ನಿಲ್ಲಿಸಿದೆ. ಹದಿನೈದು ಕಿಲೋ. ಆಸ್ಪತ್ರೆಯದಕ್ಕಿಂತ ಒಂದೂವರೆ ಕಿಲೋ ಕಡಿಮೆ. ಇದನ್ನು ಹಿರಿಯ ವೈದ್ಯರಿಗೆ ಹೇಳಿದಾಗ ಅವರು ತಲೆಯೆತ್ತದೆ ಕೇಳಿದರು:

“ಅಂಗಡಿ ತಕ್ಕಡಿ ನಂಬಬೇಕಾ, ಆಸ್ಪತ್ರೆ ತಕ್ಕಡಿ ನಂಬಬೇಕಾ, ನೀವೇ ಹೇಳಿ.”

ಅವರು ಕಡತದಲ್ಲಿ ‘ಮಗು ಆರೋಗ್ಯವಾಗಿದೆ, ಪೋಷಕರಿಗೆ ಅತಿಯಾದ ಆತಂಕ’ ಎಂದು ಬರೆದರು. ನಾಚಿಕೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಂಗಡಿಗೆ ಮರಳಿ ನಾನು ನನ್ನ ಯಂತ್ರವನ್ನೇ ಬಿಚ್ಚಿದೆ. ಒಂದೂ ತಪ್ಪು ಸಿಗಲಿಲ್ಲ. ಆದರೂ ದೊಡ್ಡ ಕಟ್ಟಡ, ಬಿಳಿ ಕೋಟು, ಅಚ್ಚಾದ ಚೀಟಿ. ಅವುಗಳ ಮುಂದೆ ನನ್ನ ಕೈಕೆಲಸದ ಮೇಲೆ ನಾನೇ ತಪ್ಪು ಹೊರಿಸಿದೆ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆ ಎರಡು ತಿಂಗಳೂ, ನೀವು ಹೇಳಿದಂತೆ, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನಾನೇ ತಿನ್ನಿಸಿದೆ. ಸಾಕಪ್ಪ ಎನ್ನುತ್ತಿದ್ದಳು. ಇನ್ನೊಂದೇ ತುತ್ತು ಕಂದ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ. ಕಾಲು ಎಲ್ಲೋ ಹೋಗಿದೆ ಅಂದಳು. ಅವಳನ್ನು ಹೆಂಡತಿ ಎತ್ತಿಕೊಂಡಳು. ನಾನು ಅಂಗಡಿಗೆ ಹೋಗಿ, ಸರ್ಕಾರಿ ಮುದ್ರೆಯಿರುವ ಐದು ಕಿಲೋದ ಎರಡು ತೂಕದ ಕಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು ನಿಮ್ಮ ಆಸ್ಪತ್ರೆಗೆ ಬಂದೆ.

ಮೂರನೇ ಕೋಣೆಯಲ್ಲಿ ತೂಕ ನೋಡುವ ವಯಸ್ಸಾದ ನರ್ಸ್ ಇದ್ದರು. ಯಂತ್ರದ ಮೇಲೆ ಒಂದು ಕಲ್ಲು ಇಟ್ಟೆ. ಐದೂವರೆ ತೋರಿಸಿತು. ಎರಡನೆಯದನ್ನೂ ಇಟ್ಟೆ. ಹನ್ನೊಂದು. ರಿಪೇರಿಗೆ ಬಂದವರಾರೋ ತಪ್ಪು ಕಲ್ಲು ಇಟ್ಟು ಹೊಂದಿಸಿಹೋಗಿದ್ದಾರೆ ಎಂದು ತಿಳಿಯಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ನಾನು ಜಗಳಕ್ಕೆ ಸಿದ್ಧನಾಗಿ ನಿಂತಿದ್ದೆ. ಆ ನರ್ಸ್ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು:

“ಎರಡು ಸಲ ಬರೆದು ಕೊಟ್ಟಿದ್ದೀನಿ. ಅಂಕಿ ಬರ್ತಾ ಇದೆಯಲ್ಲ, ಕೆಟ್ಟಿಲ್ಲ ಬಿಡಿ ಅಂದ್ರು.”

ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ರಿಪೇರಿಯಾಗಿ ಏಳು ತಿಂಗಳಾಯಿತು, ಆಗಿನಿಂದ ಎಂದರು. ಆಮೇಲೆ ಅವರೇ ಪಕ್ಕದ ಕೋಣೆಯಿಂದ ಯುವ ವೈದ್ಯೆಯೊಬ್ಬರನ್ನು ಕರೆತಂದರು. ಆ ವೈದ್ಯೆ ಒಂದನೇ ಕೋಣೆಯಲ್ಲಿ ಮಗುವನ್ನು ಮತ್ತೆ ತೂಗಿಸಿದರು. ಹದಿನಾಲ್ಕು ಮುಕ್ಕಾಲು. ಅವರು ಮೂರನೇ ಕೋಣೆಯ ಅಂಕಿಗಳನ್ನೆಲ್ಲ ಹೊಡೆದುಹಾಕಿ, ತೂಕದ ನಕ್ಷೆಯಲ್ಲಿ ಹೊಸದಾಗಿ ಗೆರೆ ಎಳೆದರು. ಏರುತ್ತಿದ್ದ ಗೆರೆ ಇಳಿಜಾರಾಯಿತು. ಹೆಂಡತಿಯ ಹಾಳೆಯನ್ನೂ ಕೇಳಿ ಪಡೆದು ಓದಿದರು. ಆ ದಿನವೇ ರಕ್ತ ಪರೀಕ್ಷೆ, ಆಮೇಲೆ ಕರುಳಿನ ಪರೀಕ್ಷೆ.

ಕಾಯಿಲೆಯ ಹೆಸರು ಸೀಲಿಯಾಕ್ ಅಂತೆ. ಗೋಧಿಯಲ್ಲಿರುವ ಒಂದು ಅಂಶ ಅವಳ ಕರುಳಿಗೆ ಆಗಿಬರುವುದಿಲ್ಲ. ತಿಂದಾಗಲೆಲ್ಲ ಒಳಪದರ ಹಾಳಾಗಿ, ಉಂಡದ್ದು ಮೈಗೆ ಹತ್ತುವುದಿಲ್ಲ. ಹಗುರವಾಗಿರಲೆಂದು ನೀವು ಬರೆದುಕೊಟ್ಟ ಬ್ರೆಡ್ಡು, ಬಿಸ್ಕತ್ತುಗಳೇ ಅವಳನ್ನು ಮಲಗಿಸಿದ್ದವು. ಅದನ್ನು ಕೇಳಿ ಹೆಂಡತಿ ಅಳಲಿಲ್ಲ. “ಹಾಗಾದ್ರೆ ಇದು ನಮ್ಮ ಆತಂಕ ಅಲ್ಲ ಅಲ್ವಾ ಡಾಕ್ಟ್ರೇ?” ಎಂದಷ್ಟೇ ಕೇಳಿದಳು. ಅಲ್ಲಮ್ಮ, ನೀವು ಸರಿಯಾಗೇ ನೋಡಿದ್ರಿ ಎಂದು ವೈದ್ಯೆ ಹೇಳಿದ ಮೇಲೆ ಕಾರಿಡಾರಿಗೆ ಬಂದು ಗೋಡೆಗೆ ಒರಗಿ ಬಹಳ ಹೊತ್ತು ನಿಂತಳು.

ಗೋಧಿ ಬಿಟ್ಟು ಮೂರು ತಿಂಗಳಾಯಿತು. ಮಗಳು ಚೇತರಿಸಿಕೊಳ್ಳುತ್ತಿದ್ದಾಳೆ, ನಿಧಾನವಾಗಿ. ಹೀಗಾಗಿ ಈ ಪತ್ರ ಬರೆಯದೆಯೂ ಇರಬಹುದಿತ್ತು. ನನಗೂ ದಣಿವಾಗಿದೆ. ಆದರೆ ಯಂತ್ರದ ತಪ್ಪಿನ ಬಗ್ಗೆ ನಾನು ಕೊಟ್ಟ ದೂರಿಗೆ ಉತ್ತರವಾಗಿ ಬಂದದ್ದು ನಿಮ್ಮ ನೋಟಿಸು. ಕಳೆದ ವಾರ ತಪಾಸಣೆಗೆ ಬಂದಾಗ, ಆ ಯಂತ್ರದ ಮೇಲೆ ಇನ್ನೂ ನಡೆಯಲು ಬಾರದ ಒಂದು ಕೂಸು ಕೂತಿತ್ತು. ಅಂಕಿ ನೋಡಿ ಅದರ ತಾಯಿಯ ಮುಖ ಅರಳಿತು. ಬೇಡಮ್ಮ, ಪಕ್ಕದ ಕೋಣೆಯಲ್ಲಿ ಇನ್ನೊಮ್ಮೆ ತೂಗಿಸಿ ಎಂದೆ. ಕಾವಲುಗಾರ ನನ್ನನ್ನು ಹೊರಗೆ ಕರೆದೊಯ್ದ.

ಮಕ್ಕಳಿಗೆ ಔಷಧಿಯ ಪ್ರಮಾಣವನ್ನು ತೂಕ ನೋಡಿಯೇ ಬರೆಯುತ್ತಾರಲ್ಲವೇ, ಅಧೀಕ್ಷಕರೇ? ಹತ್ತು ತಿಂಗಳಲ್ಲಿ ಆ ಕೋಣೆಗೆ ಎಷ್ಟು ಮಕ್ಕಳು ಬಂದರು? ಅವರಲ್ಲಿ ಎಷ್ಟು ಜನರ ತಾಯಂದಿರು ತಮ್ಮ ಕಣ್ಣನ್ನೇ ನಂಬದೆ ಮನೆಗೆ ಹೋದರು?

ಆ ಯಂತ್ರವನ್ನು ಇಂದೇ ಹೊರಗಿಡಿ. ಅದರ ಮೇಲೆ ತೂಗಿದ ಪ್ರತಿಯೊಂದು ಮಗುವಿನ ಮನೆಗೂ ಪತ್ರ ಬರೆದು, ಮತ್ತೆ ಕರೆಸಿ, ಸರಿಯಾಗಿ ತೂಗಿ. ವಿಳಾಸಗಳು ನಿಮ್ಮಲ್ಲೇ ಇವೆ. ನನಗೆ ನೋಟಿಸು ತಲುಪಿದ ಹಾಗೆಯೇ ಆ ಪತ್ರಗಳೂ ತಲುಪುತ್ತವೆ. ಅಲ್ಲಿಯವರೆಗೆ ಪ್ರತಿ ಸೋಮವಾರ ಬೆಳಿಗ್ಗೆ ನಿಮ್ಮ ಗೇಟಿನ ಹೊರಗೆ, ಕಾವಲುಗಾರನ ಕೈಗೆಟುಕದಷ್ಟು ದೂರದಲ್ಲಿ, ನನ್ನ ಅಂಗಡಿಯ ಯಂತ್ರ ಇಟ್ಟುಕೊಂಡು ಕೂತಿರುತ್ತೇನೆ. ಯಾವ ಮಗುವನ್ನಾದರೂ ತೂಗುತ್ತೇನೆ.

ಇಂತಿ,
ಕೇಳಿದ ವಿವರಣೆಯನ್ನು ಗಡುವಿಗೆ ನಾಲ್ಕು ದಿನ ಮೊದಲೇ ಒಪ್ಪಿಸಿದ,
ದಣಿದ ಒಬ್ಬ ತಂದೆ