ಸ್ಟ್ರೆಚರಿನ ಬದಿಯ ಸೀಟು

ಹೊಸೂರು
18-11-2025

ಪ್ರೀತಿಯ ಝುಲೈಖಾ,

ಅಸ್ಸಲಾಮು ಅಲೈಕುಂ. ತಲುಪಿದ ದಿನವೇ ಬರೆಯುತ್ತೇನೆ ಎಂದವನು ನಾಲ್ಕು ದಿನ ತಡ ಮಾಡಿದೆ, ಬೈಯಬೇಡ. ಫೋನಿರುವಾಗ ಕಾಗದ ಯಾಕೆ ಎಂದು ನಗುತ್ತೀಯ. ಫೋನಿನಲ್ಲಿ ನೀನು ‘ಊಟ ಆಯ್ತಾ’ ಎಂದು ಕೇಳಿ ಇಟ್ಟುಬಿಡುತ್ತೀಯಲ್ಲ! ಜಗಳಕ್ಕೆ ನಮ್ಮ ಬ್ಯಾರಿ ಭಾಷೆ ಸಾಕು. ಕಾಗದಕ್ಕೆ ಕಡಬದ ಶಾಲೆಯಲ್ಲಿ ಕಲಿತ ಕನ್ನಡವೇ ಬೇಕು.

ಹೆಲಿಕಾಪ್ಟರ್ ನೋಡಿದೆ. ಬಿಳಿ ಬಣ್ಣ, ಹೊಟ್ಟೆಗೊಂದು ಕೆಂಪು ಪಟ್ಟಿ, ಎರಡು ಎಂಜಿನ್. ಒಳಗೆ ಸ್ಟ್ರೆಚರ್, ಆಕ್ಸಿಜನ್, ಉಸಿರಾಟದ ಯಂತ್ರ ಎಲ್ಲ ಇದೆ. ಪುತ್ತೂರು, ಸುಳ್ಯ, ಕಡಬದವರು ಸೇರಿ ಕಟ್ಟಿದ ಟ್ರಸ್ಟು ರೋಗಿಗಳನ್ನು ಒಯ್ಯಲು ಹಳೆಯದನ್ನೇ ಕೊಳ್ಳುವುದೆಂದು ತೀರ್ಮಾನಿಸಿ, ಹಳೆ ಜೀಪು ಮಾರುವ ನನ್ನನ್ನೇ ನೋಡಿ ಬರಲು ಕಳಿಸಿತಲ್ಲ, ಅವರ ಧೈರ್ಯಕ್ಕೆ ಏನು ಹೇಳಲಿ! ಜೊತೆಗೆ ಬಂದ ಟ್ರಸ್ಟಿನ ಅಧ್ಯಕ್ಷರಾದ ಅಜ್ಜಾವರದ ಡೊಂಬಯ್ಯಣ್ಣನಿಗೆ ಎರಡು ಎಂಜಿನ್ ಕಂಡೇ ಸಮಾಧಾನ. “ಒಂದು ಕೈಕೊಟ್ರೆ ಇನ್ನೊಂದು ಉಂಟಲ್ಲ ಮಾರಾಯ” ಎಂದು ಮೂರು ಸಲ ಹೇಳಿದರು.

ನಾನು ಅಭ್ಯಾಸಬಲದಿಂದ ಚಕ್ರಕ್ಕೊಂದು ಒದೆ ಕೊಟ್ಟು, “ಎಷ್ಟು ಕಿಲೋಮೀಟರ್ ಓಡಿದೆ?” ಎಂದು ಕೇಳಿದೆ. ಮಾರುವವರ ಎಂಜಿನಿಯರ್ ಗೌರೀಶಂಕರ ನಗು ತಡೆದುಕೊಂಡು, “ಇದಕ್ಕೆ ಗಂಟೆ ಲೆಕ್ಕ ಸಾರ್” ಎಂದರು. ಎಂಜಿನ್‌ಗಳನ್ನು ನಾವು ನೇಮಿಸಿದ ತಜ್ಞರು ಆಗಲೇ ನೋಡಿ ಒಪ್ಪಿದ್ದರು. ಆದರೆ ಹಳೆ ಗಾಡಿಯ ಮೀಟರ್ ಸುಳ್ಳು ಹೇಳಬಹುದು, ಮ್ಯಾಟಿನ ಕೆಳಗಿನ ನೆಲ ಹೇಳುವುದಿಲ್ಲ. ನನ್ನ ಕಸುಬು ಕಲಿಸಿದ್ದು ಅದನ್ನೇ. ಮ್ಯಾಟ್ ಎತ್ತಿದೆ. ಸ್ಟ್ರೆಚರಿನ ತಲೆಯ ಬದಿಗೆ ಬೋಲ್ಟಿನ ನಾಲ್ಕು ತೂತುಗಳಿದ್ದವು.

“ಇಲ್ಲಿ ಎಂತ ಇತ್ತು?”

“ರೋಗಿಯ ಕಡೆಯವರಿಗೆ ಒಂದು ಸೀಟಿತ್ತು. ಮೊದಲಿನವರು ಸಾಮಾನು ಇಡಲು ಕಳಚಿದ್ದಾರೆ. ಡಾಕ್ಟರಿಗೆ, ನರ್ಸಿಗೆ ಜಾಗ ಇದೆಯಲ್ಲ.”

ಆ ಸೀಟು ವಾಪಸ್ ಬರಬೇಕು, ಇಲ್ಲದಿದ್ದರೆ ನನ್ನ ಸಹಿ ಇಲ್ಲ ಎಂದೆ. ಡೊಂಬಯ್ಯಣ್ಣನಿಗೆ ಸಿಟ್ಟು ಬಂತು. “ಎಂತ ಮಾರಾಯ ನಿಂದು? ಒಂದು ಕುರ್ಚಿಗೆ ಬೇಕಾಗಿ ಇಡೀ ಹೆಲಿಕಾಪ್ಟರ್ ಬಿಡುದಾ?” ಅವರ ಸಿಟ್ಟೂ ನ್ಯಾಯವೇ. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ.

ನಾನು ಹೋಗಿ ಸ್ಟ್ರೆಚರಿನಲ್ಲಿ ಮಲಗಿದೆ. ಅಲ್ಲಿಂದ ಬಿಳಿ ಚಾವಣಿ ಬಿಟ್ಟು ಬೇರೇನೂ ಕಾಣುವುದಿಲ್ಲ. ನಾಲ್ಕು ವರ್ಷದ ಹಿಂದೆ, ಆ ಕೊನೆಯ ದಿನ, ನಮ್ಮ ಹಸ್ನಾ ಆಂಬುಲೆನ್ಸಿನಲ್ಲಿ ಹೀಗೇ ಮಲಗಿದ್ದಳಲ್ಲ, ಒಂಬತ್ತು ತುಂಬದ ಮಗು. ಎದ್ದು, “ನೀವೊಮ್ಮೆ ಮಲಗಿ ನೋಡಿ” ಎಂದೆ. ಎಪ್ಪತ್ತರ ಡೊಂಬಯ್ಯಣ್ಣ ಗೊಣಗುತ್ತ, ಪಂಚೆ ಸರಿಮಾಡಿಕೊಂಡು ಮಲಗಿದರು. ತಲೆ ಆಚೀಚೆ ತಿರುಗಿಸಿ ನೋಡಿ, “ಹತ್ರ ನಮ್ಮವರು ಒಬ್ರು ಬೇಕು, ಸರಿ” ಎಂದರು.

ಮತ್ತೆ ಮೂರು ದಿನ ಇಬ್ಬರೂ ಸೇರಿ ಮಾರುವವರೊಡನೆ ವಾದಿಸಿದೆವು. ಸೀಟು ಕೂರಿಸಿ, ಪರೀಕ್ಷೆ ಮಾಡಿಸಿಯೇ ಕೊಡುತ್ತೇವೆಂದು ಇವತ್ತು ಬರೆದುಕೊಟ್ಟರು. ಸಹಿ ಹಾಕಿದೆ.

ಬಿಪಿ ಮಾತ್ರೆ ತಪ್ಪಿಸಬೇಡ. ಹೆಲಿಕಾಪ್ಟರ್ ಕಡಬಕ್ಕೆ ಬಂದ ದಿನ ಆ ಸೀಟಿನಲ್ಲಿ ಮೊದಲು ನೀನು ಕೂರಬೇಕು. ಅಲ್ಲಾಹು ನಿನ್ನ ಮನಸ್ಸಿಗೆ ತಂಪು ಕೊಡಲಿ.

ನಿನ್ನ
ಕಲಂದರ್

ಸಹಿಯ ಕೆಳಗೆ ಬರೆದರೂ ಮರೆತು ಉಳಿದದ್ದಲ್ಲ ಇದು; ನಿನ್ನ ಮುಖ ನೋಡಿ ಹೇಳಲು ನಾಲ್ಕು ವರ್ಷದಲ್ಲಿ ಆಗಲಿಲ್ಲ. ಅಂದು ‘ನೀನು ಅತ್ತರೆ ಮಗು ಹೆದರುತ್ತಾಳೆ’ ಎಂದು ನಿನ್ನನ್ನು ಹತ್ತಲು ಬಿಡದೆ ಆಂಬುಲೆನ್ಸಿನ ಬಾಗಿಲು ಹಾಕಿದವನು ನಾನು. ಅವಳು ದಾರಿಯುದ್ದಕ್ಕೂ ನಿದ್ದೆಯಲ್ಲಿದ್ದಳು, ನೀನಿಲ್ಲದ್ದು ಗೊತ್ತೇ ಆಗಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ‘ಉಮ್ಮ ಎಲ್ಲಿ?’ ಎಂದು ಕೇಳುತ್ತಲೇ ಇದ್ದಳು. ಉಪ್ಪಿನಂಗಡಿಯಲ್ಲಿ ಊರಿನವರು ಬಸ್ಸು, ಲಾರಿ ಎಲ್ಲ ತಡೆದು ನಮಗೆ ದಾರಿ ಬಿಡಿಸಿ ನಿಂತಿದ್ದರು. “ಉಮ್ಮ ಹಿಂದೆ ಜೀಪಲ್ಲಿ ಬರ್ತಾ ಇದ್ದಾರೆ ಮಗಾ” ಎಂದೆ. ಅವಳು ಕಷ್ಟಪಟ್ಟು ತಲೆ ಎತ್ತಿ ಹಿಂದಿನ ಗಾಜಿನಲ್ಲಿ ನೋಡಿದಳು. ರಸ್ತೆ ಖಾಲಿ ಇತ್ತು, ಝುಲೈಖಾ.