ಮೂವತ್ತೆಂಟನೇ ದಿನದ ಒಂದು ಸಿಗರೇಟು

ಮಾನ್ಯ ಆರೋಗ್ಯಾಧಿಕಾರಿಗಳೇ,

ಧೂಮಪಾನ ಬಿಡಿಸುವ ನಿಮ್ಮ ಕೇಂದ್ರದಿಂದ ನನ್ನನ್ನು ಹೊರಗೆ ಹಾಕಿದ್ದು ನಾನು ಸೇದಿದ್ದಕ್ಕಲ್ಲ, ಸೇದಿದೆ ಎಂದು ಹೇಳಿದ್ದಕ್ಕೆ. ಎರಡು ಸಲ ದೂರು ಕೊಟ್ಟೆ, ಉತ್ತರವಿಲ್ಲ. ಊರೆಲ್ಲ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಬೋರ್ಡು ಬರೆಯುವವನು. ನಿಮ್ಮ ಕೇಂದ್ರದ ಗೋಡೆಬರಹ ನನ್ನ ಕೈಯದೇ. ಸೇದುವುದು ಬಿಟ್ಟ ಇಪ್ಪತ್ತು ನಿಮಿಷಕ್ಕೆ ನಾಡಿಬಡಿತ ಇಳಿಯುತ್ತದೆ, ಕೆಲವು ವಾರಗಳಲ್ಲಿ ಉಸಿರಾಟ ಸುಧಾರಿಸುತ್ತದೆ, ವರ್ಷ ಕಳೆದರೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ ಎಂದು ಏಣಿಯ ಮೇಲೆ ನಿಂತು, ಬಾಯಲ್ಲಿ ಸಿಗರೇಟು ಕಚ್ಚಿಕೊಂಡೇ ಬರೆದೆ. ಒಂದೊಂದು ಅಕ್ಷರಕ್ಕೂ ಎರಡೆರಡು ಸಲ ಬಣ್ಣ ಬಳಿಯುವವನಿಗೆ ಓದಿಯೂ ಓದದಂತಿರಲು ಆಗುವುದಿಲ್ಲ. ಏಣಿ ಇಳಿದವನೇ ಒಳಗೆ ಹೋಗಿ ಹೆಸರು ಬರೆಸಿದೆ.

ನಿಮ್ಮ ಸಲಹೆಗಾರ್ತಿ ಒಳ್ಳೆಯವರು. ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸಿ, ಚಪಲ ಬಂದಾಗ ಐದು ನಿಮಿಷ ತಡೆದುಕೊಳ್ಳುವುದನ್ನು ಕಲಿಸಿದರು. ಮೂವತ್ತೇಳು ದಿನ ಮುಟ್ಟಲಿಲ್ಲ. ಕೆಮ್ಮು ಇಳಿಯಿತು. ಮೂವತ್ತೆಂಟನೇ ದಿನ ನನ್ನನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡಳು. ಆಸ್ಪತ್ರೆಯ ಹೊರಗೆ ಭಾವ ಒಂದು ಸಿಗರೇಟು ಚಾಚಿದರು, ಸೇದಿದೆ. ರುಚಿಯೂ ತಿಳಿಯಲಿಲ್ಲ, ಅಳುವೂ ಬರಲಿಲ್ಲ.

ಮುಂದಿನ ವಾರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಲಹೆಗಾರ್ತಿ ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದರು.

"ಸೇದಿಲ್ಲ ಅಂತ ಹೇಳ್ಬಿಡಿ ಅಣ್ಣ. ಎಲ್ಲರೂ ಹಾಗೇ ಹೇಳೋದು. ಸೇದಿದೆ ಅಂದ್ರೆ ನಿಮ್ಮ ಹೆಸರು ಹೊಡೆದು ಹಾಕ್ಬೇಕಾಗುತ್ತೆ."

"ಅಕ್ಕ ಹೋದ ದಿನದ ಬಗ್ಗೆ ಸುಳ್ಳು ಹೇಳೋಕೆ ಬಾಯಿ ಬರಲ್ಲಮ್ಮ," ಎಂದೆ.

ಹೊಡೆದು ಹಾಕಿದರು. ಇನ್ನು ಆರು ತಿಂಗಳು ಬರುವಂತಿಲ್ಲವಂತೆ, ನಿಮ್ಮ ಸುತ್ತೋಲೆಯಂತೆ.

ನಿಮ್ಮ ಜಾಣ್ಮೆಯನ್ನು ಮೆಚ್ಚಬೇಕು. ಜ್ವರ ಮರುಕಳಿಸಿದವರನ್ನೆಲ್ಲ ಹೊರಗಟ್ಟಿದರೆ ಯಾವ ಆಸ್ಪತ್ರೆಯ ವರದಿ ತಾನೇ ಚೆನ್ನಾಗಿರುವುದಿಲ್ಲ? ಕೈ ಹಿಡಿಯುವವರು ಬೇಕಾಗುವುದು ಜಾರಿದಾಗಲೋ, ನೆಟ್ಟಗೆ ನಿಂತಾಗಲೋ? ನಿಕೋಟಿನ್ ಪಟ್ಟಿ ಸಿಗುವುದು ನಿಂತಿತು. ಆ ಒಂದು ಸಿಗರೇಟು ಈಗ ದಿನಕ್ಕೆ ಹದಿನೆಂಟಾಗಿದೆ. ಉಳಿದಿರುವ ಶ್ವಾಸಕೋಶವನ್ನು ಉಳಿಸಿಕೊಳ್ಳಬೇಕಾದರೆ ಆರು ತಿಂಗಳು ಕಾಯಬೇಡಿ, ಈಗಲೇ ಬಿಡಿ ಎಂದಿದ್ದಾರೆ ಡಾಕ್ಟರು. ನನಗೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ. ಒಳಗೆಲ್ಲ ಮರಗಟ್ಟಿ ಹೋಗಿದೆ.

ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ, ನನಗೆ ಚಿಕಿತ್ಸೆ ಕೊಡಿ. ಸೋಮವಾರ ಬೆಳಿಗ್ಗೆ ಬರುತ್ತೇನೆ. ಎಷ್ಟು ಸೇದಿದೆ ಎಂದು ಕೇಳಿದರೆ ನಿಜವನ್ನೇ ಹೇಳುತ್ತೇನೆ. ನಿಮಗೆ ಸುಳ್ಳೇ ಬೇಕಿದ್ದರೆ ಮೊದಲೇ ತಿಳಿಸಿಬಿಡಿ. ಅದನ್ನೂ ಕಲಿತುಕೊಂಡು ಬರುತ್ತೇನೆ, ನನಗೆ ಬದುಕಬೇಕಾಗಿದೆ.

ಇಂತಿ,
ಒಂದು ಮಹಡಿ ಹತ್ತಲು ಮೂರು ಕಡೆ ನಿಲ್ಲುವ
ನಿಮ್ಮ ಮಾಜಿ ರೋಗಿ