ಕೂತವರ ಒಪ್ಪಿಗೆ

ಪಂಪ್‌ಹೌಸ್ ಹಿಂದಿನ ಮನೆ,
ತಾರೀಕು ೧೩, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಮಾಡುವ ನಮಸ್ಕಾರಗಳು. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಮಗಳ ಮನೆ ಮೂರನೇ ಮಹಡಿಯಲ್ಲಿದೆ ಅಂದಿದ್ದೆ, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಹಾಲು ತರುವುದಕ್ಕಾದರೂ ಅಳಿಯಂದಿರಿಗೆ ಹೇಳು, ಸಂಕೋಚ ಮಾಡಿಕೊಳ್ಳಬೇಡ. ಸಂಕೋಚದ ವಿಷಯ ನಾನು ನಿನಗೆ ಹೇಳುವ ಕಾಲ ಬಂತು ನೋಡು, ನಗಬೇಡ. ಮಗು ಹೇಗಿದೆ? ಹುಟ್ಟಿದಾಗ ಅಳಲೇ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ ಅಂತ ನೀನು ಫೋನು ಮಾಡಿದ ದಿನ ಇಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಈಗ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುವಷ್ಟು ಜೋರಾಗಿ ಅಳುತ್ತಾಳಂತೆ. ಅಳಲಿ ಬಿಡು, ನಿನ್ನ ಮೊಮ್ಮಗಳಲ್ಲವಾ. ಗಂಟಲು ನಿನ್ನದೇ ಬಂದಿರಬೇಕು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಮನೆಯವಳು ಮಗುವಿಗೆ ಎರಡು ಅಂಗಿ ಹೊಲಿದಿದ್ದಾಳೆ, ಒಂದರ ತೋಳು ಸ್ವಲ್ಪ ಉದ್ದ ಬಂದಿದೆ, ಬೆಳೆಯುವ ಮಗು ತಾನೇ ಅಂತ ಅವಳೇ ಸಮಾಧಾನ ಮಾಡಿಕೊಂಡಿದ್ದಾಳೆ. ನಿನ್ನ ಬೆಕ್ಕು ಮೊದಮೊದಲು ನಿನ್ನ ಬಾಗಿಲ ಮುಂದೆ ಮುಖ ಊದಿಸಿಕೊಂಡು ಕೂತಿರುತ್ತಿತ್ತು, ಈಗ ನಮ್ಮ ಒಲೆಯ ಪಕ್ಕಕ್ಕೆ ಬಂದಿದೆ. ನಿನ್ನ ಕೋಣೆಯ ಕಿಟಕಿ ತೆಗೆದು ಗಾಳಿ ಆಡಿಸುತ್ತೇವೆ. ಇಷ್ಟನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಇವನು ಕಾಗದ ಯಾಕೆ ಬರೆದ ಅಂದುಕೊಳ್ಳುತ್ತೀಯ. ಮೊನ್ನೆಯಿಂದ ನೀನು ಫೋನು ಮಾಡಿದಾಗಲೆಲ್ಲ ನಾನು ಸ್ನಾನಕ್ಕೆ ಹೋಗಿದ್ದೇನೆ ಅಂತ ಅವಳ ಕೈಲಿ ಹೇಳಿಸಿದೆ. ಎಷ್ಟು ಸ್ನಾನ ಮಾಡ್ತಾನೆ ಅವನು, ಚರ್ಮ ಸುಲಿದು ಹೋದೀತು ಅಂದೆಯಂತೆ. ನಿನ್ನ ಧ್ವನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವನ ಅಕ್ಷರ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಮ್ಮ ಕಸದ ಕೆಲಸದವರ ಮುಷ್ಕರ ಮುಗಿಯಿತು ಅಕ್ಕಾ. ಡ್ರೈವರಣ್ಣ ನಿನಗೆ ಅಷ್ಟು ಮಾತ್ರ ಹೇಳಿದ್ದಾನೆ ಅಂತ ಗೊತ್ತಾಯಿತು. ಹೇಗೆ ಮುಗಿಯಿತು ಅನ್ನುವುದನ್ನು ಅವನು ನನ್ನ ತಲೆಗೆ ಕಟ್ಟಿದ್ದಾನೆ. ಮಗಳಿಗೆ ಕಷ್ಟವಾಗಿದೆ ಅಂತ ನೀನು ರಾತ್ರೋರಾತ್ರಿ ಬಸ್ಸು ಹತ್ತಿದ ಮೇಲೆ ಮಾತುಕತೆಗೆ ನಿನ್ನ ಬದಲು ಅವನೇ ಹೋಗುತ್ತಿದ್ದ. ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಒಂದು ಕಡೆ ಪುರಸಭೆಯ ಸಾಹೇಬರು, ಒಂದು ಕಡೆ ಇವನು. ನೀನಿದ್ದಾಗ ಸಾಹೇಬರು ಮೇಜಿನ ಮೇಲಿನ ಪೇಪರ್‌ವೇಟು ತಿರುಗಿಸುತ್ತಾ ಕೂತಿರುತ್ತಿದ್ದರಲ್ಲ, ನೀನಿಲ್ಲ ಅಂತ ಗೊತ್ತಾದ ಮೇಲೆ ಮಾತು ಚುರುಕಾಯಿತಂತೆ. ಕೊನೆಗೆ ಆದ ಒಪ್ಪಂದ ಇದು: ಎಲ್ಲರನ್ನೂ ವಾಪಸ್ ತೆಗೆದುಕೊಳ್ಳುತ್ತಾರೆ. ಮುಷ್ಕರದ ದಿನಗಳನ್ನು ಗೈರುಹಾಜರಿ ಅಂತ ಬರೆಯದೆ ರಜೆ ಅಂತ ಬರೆಯುತ್ತಾರೆ. ನಮ್ಮಂಥ ದಿನಗೂಲಿಯವರನ್ನು ಸರದಿಯ ಮೇಲೆ ಖಾಯಂ ಮಾಡುತ್ತಾರೆ. ಅದಕ್ಕೆ ಬದಲಾಗಿ ಸಾಹೇಬರು ಕೇಳಿದ್ದು ಒಂದೇ. ನೀನು ಇರಬಾರದು. ಕೆಲಸದಿಂದ ತೆಗೆದೆವು ಅಂತ ಬರೆಯುವುದಿಲ್ಲ, ನೀನೇ ಬೇಡವೆಂದು ಸ್ವಯಂ ನಿವೃತ್ತಿ ತೆಗೆದುಕೊಂಡೆ ಅಂತ ಬರೆಯುತ್ತಾರೆ. ಡ್ರೈವರಣ್ಣ ಮೊದಲ ದಿನ ಆಗುವುದಿಲ್ಲ ಅಂದನಂತೆ. ಎರಡನೇ ದಿನ ನಮ್ಮವರನ್ನು ಕೇಳಿ ಹೇಳುತ್ತೇನೆ ಅಂದನಂತೆ. ಅವನನ್ನೊಬ್ಬನನ್ನೇ ಬೈಯಬೇಡ. ಮುಂದಿನದನ್ನು ಓದಿದರೆ ಬೈಗುಳ ಯಾರಿಗೆ ಸೇರಬೇಕು ಅಂತ ನಿನಗೇ ತಿಳಿಯುತ್ತದೆ.

ಗುರುವಾರ ಸಂಜೆ ಕಸದ ಗಾಡಿಗಳ ಶೆಡ್ಡಿನಲ್ಲಿ ಸಭೆ ಸೇರಿತು. ಎಲ್ಲರೂ ಬಂದಿದ್ದರು. ಎಂದಿನಂತೆ ಎಲ್ಲರೂ ನಿಂತೇ ಇದ್ದೆವು. ಹಿಂದೆ ಕೈ ಎತ್ತುವ ಪದ್ಧತಿ ಇದ್ದಾಗ ಹಾಜರಿ ಮೇಸ್ತ್ರಿ ಕಿಟಕಿಯಲ್ಲಿ ಇಣುಕಿ ಯಾರ ಕೈ ಮೇಲಿದೆ ಅಂತ ಬರೆದುಕೊಂಡು ಹೋಗುತ್ತಿದ್ದ, ಆಮೇಲೆ ನೀನು ಒಪ್ಪಿದವರು ಕೂತುಬಿಡಿ, ಒಪ್ಪದವರು ನಿಂತಿರಿ ಅಂತ ಮಾಡಿದೆ. ಯಾರಾದರೂ ಕೇಳಿದರೆ ಕಾಲು ನೋಯ್ತಿತ್ತು ಕೂತೆ ಅಂದರಾಯ್ತು, ಅದಕ್ಕೂ ಮೆಮೋ ಕೊಡ್ತಾರಾ ಅಂತ ನೀನು ಹೇಳಿ ಎಲ್ಲರನ್ನೂ ನಗಿಸಿದ್ದೆ. ಒಬ್ಬರ ಹೊಟ್ಟೆಪಾಡಿನ ಮಾತು ಬಂದಾಗ ಅವರೋ ಅವರ ಮನೆಯವರೋ ಕೂರುವ ಮುಂಚೆ ಬೇರೆ ಯಾರೂ ಕೂರಬಾರದು ಅನ್ನುವುದನ್ನೂ ನೀನೇ ರೂಢಿ ಮಾಡಿಸಿದ್ದು. ಬಸ್ಸು ಹತ್ತುವಾಗ ನನ್ನ ತೋಳು ಹಿಡಿದು, "ನಾನಿಲ್ದಾಗ ನೀನು ಮಾತಾಡೋದೇನೂ ಬೇಡ ಕಣೋ, ನಿನ್ ಕೈಲಿ ಆಗಲ್ಲ. ಸುಮ್ನೆ ನಿಂತಿರು, ಅಷ್ಟು ಸಾಕು" ಅಂದಿದ್ದೆ. ಇಷ್ಟು ಸುಲಭದ ಕೆಲಸ ಯಾವ ಅಕ್ಕನೂ ಯಾವ ತಮ್ಮನಿಗೂ ಕೊಟ್ಟಿರಲಿಕ್ಕಿಲ್ಲ.

ಡ್ರೈವರಣ್ಣ ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ನಿಂತು ಒಂದೊಂದಾಗಿ ಓದಿದ. ವಾಪಸ್ ತೆಗೆದುಕೊಳ್ಳುವ ಮಾತಿಗೆ ಎಲ್ಲರೂ ದಡದಡ ಕೂತರು, ಮತ್ತೆ ಎದ್ದರು. ರಜೆಯ ಮಾತಿಗೂ ಹಾಗೇ. ಎದ್ದು ಕೂತು ಬಸ್ಕಿ ಹೊಡೆಸ್ತಿದ್ದೀಯಲ್ಲೋ ಅಂತ ಗೊಣಗಜ್ಜಿ ಬೈದಳು, ಎಲ್ಲರೂ ನಕ್ಕರು. ಆಮೇಲೆ ನಿನ್ನ ಮಾತು ಬಂತು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಿನಗೆ ಗೊತ್ತಲ್ಲ ಅಕ್ಕಾ, ಇಬ್ಬರು ನನ್ನನ್ನು ಒಟ್ಟಿಗೆ ನೋಡಿದರೇ ನನ್ನ ಕಿವಿ ಕೆಂಪಾಗುತ್ತದೆ. ಅಷ್ಟು ಜನ ನೋಡಿದರು. ಬೈಯುವ ನೋಟವಾಗಿರಲಿಲ್ಲ, ಬೇಡುವ ನೋಟ. ಗಂಡ ಹಾಸಿಗೆ ಹಿಡಿದಿರುವವಳು, ಮಗಳ ಕಾಲೇಜು ಬಿಡಿಸಿದವನು, ಎಲ್ಲರೂ ನಮ್ಮವರೇ. ನನ್ನ ಕಾಲು ನಡುಗಿತು. ಕೂತುಬಿಟ್ಟೆ. ನಾನು ನೆಲ ಮುಟ್ಟುವುದಕ್ಕೇ ಕಾಯುತ್ತಿದ್ದವರ ಹಾಗೆ ಎಲ್ಲರೂ ಕೂತರು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಗೊಣಗಜ್ಜಿ ಒಬ್ಬಳು ನಿಂತೇ ಇದ್ದಳು, ಸೊಂಟ ಹಿಡಿದುಕೊಂಡು. "ಏನಯ್ಯಾ, ಅಕ್ಕನ್ ತಲೆ ಮೇಲೇ ಕೂತ್ಬಿಟ್ಯಲ್ಲ" ಅಂದಳು. ನಾನು ಮತ್ತೆ ಎದ್ದು ನಿಲ್ಲಬಹುದಿತ್ತು. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ನೆಲ ನೋಡುತ್ತಾ ಕೂತೇ ಇದ್ದೆ.

ಮಾರನೇ ಬೆಳಿಗ್ಗೆ ಪುರಸಭೆಯ ದಫ್ತರಕ್ಕೆ ಕರೆದರು. ಕಡತಗಳ ಕಟ್ಟುಗಳ ಮಧ್ಯೆ ಕೂರುವ ಆ ಮೇಡಂ, ನಿನ್ನ ಪರಿಚಯದವರು, ಒಪ್ಪಂದದ ವಿಷಯವನ್ನು ನಡಾವಳಿ ಪುಸ್ತಕಕ್ಕೆ ಆಗಲೇ ಏರಿಸಿಬಿಟ್ಟಿದ್ದರು. ಸಾಕ್ಷಿ ಅಂತ ನನ್ನ ರುಜು ಬೇಕಿತ್ತು. ನಾನು ಬೆರಳಿಟ್ಟು ಓದುವುದನ್ನು ನೋಡಿ ಅವರೇ ಓದಿ ಹೇಳಿದರು. "ಸದರಿ ನೌಕರಳ ಸಹೋದರನು ಸಭೆಯಲ್ಲಿ ಹಾಜರಿದ್ದು, ಸ್ವಇಚ್ಛೆಯಿಂದ ಸಮ್ಮತಿ ಸೂಚಿಸಿರುತ್ತಾನೆ." ಅದನ್ನು ಕೇಳಿದರೆ ನಾನು ಯಾರೋ ದೊಡ್ಡ ಮನುಷ್ಯ, ಎದೆ ಸೆಟೆಸಿ ಒಪ್ಪಿದೆ ಅನ್ನಬೇಕು. ನಾನು ಏನೂ ಸೂಚಿಸಲಿಲ್ಲ ಮೇಡಂ, ಕೂತೆ ಅಷ್ಟೇ, ಅದೊಂದು ಸಾಲು ತೆಗೆದುಬಿಡಿ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಡಾವಳೀಲಿ ಬಂದ್ಮೇಲೆ ಮುಗೀತು ಕಣಪ್ಪಾ. ಹೊಡೆದು ಹಾಕಿದ್ರೆ ಹೊಡೆದು ಹಾಕಿದ್ದೂ ರೆಕಾರ್ಡಾಗತ್ತೆ. ಯಾಕೆ ಹೊಡೆದ್ರಿ ಅಂತ ಅದಕ್ಕೊಂದು ಟಿಪ್ಪಣಿ ಬರೀಬೇಕು" ಅಂದರು. ಬರೀರಿ ಅನ್ನಬೇಕಿತ್ತು. ಹಿಂದೆ ಯಾರೋ ಜನನ ಪತ್ರಕ್ಕೆ ಕಾಯುತ್ತಾ ನಿಂತಿದ್ದರು, ಡ್ರೈವರಣ್ಣ ಬಾಗಿಲಲ್ಲಿದ್ದ. ರುಜು ಹಾಕಿದೆ. ಅವರ ಪೆನ್ನು ತುಂಬಾ ನುಣ್ಣಗೆ ಬರೆಯುತ್ತಿತ್ತು, ನನ್ನ ಅಕ್ಷರ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅದನ್ನು ನೆನೆಸಿಕೊಂಡರೆ ಇನ್ನೂ ನಾಚಿಕೆಯಾಗುತ್ತದೆ.

ನಿನ್ನೆಯಿಂದ ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದೇವೆ. ಕಸ ಗೋಡೆಯ ಎತ್ತರಕ್ಕೆ ಬಿದ್ದಿತ್ತು, ಬಿಸಿಲಿಗೆ ಕಪ್ಪಗೆ ಕೊಳೆತು ಸಲಿಕೆಗೂ ಬರುತ್ತಿರಲಿಲ್ಲ. ಆದರೂ ಎಲ್ಲರ ಮುಖದಲ್ಲಿ ಕಳೆ. ಒಬ್ಬರಿಗೊಬ್ಬರು ಚೇಷ್ಟೆ ಮಾಡುತ್ತಾ ಗಾಡಿ ತುಂಬಿದರು. ಮಾರುಕಟ್ಟೆ ಬೀದಿಗೆ, ನಿನ್ನ ಬೀದಿಗೆ, ಸದ್ಯಕ್ಕೆ ನನ್ನನ್ನು ಹಾಕಿದ್ದಾರೆ. ಮೂಲೆಯ ಟೈಲರು ಮಿಷನ್ನಿನಿಂದ ತಲೆ ಎತ್ತಿ, "ಅಕ್ಕ ಎಲ್ಲಪ್ಪಾ? ಅವರಿದ್ದಿದ್ರೆ ಇಷ್ಟೊತ್ತಿಗೆ ನನಗೆ ನಾಕು ಬೈದಿರೋರು, ಚಿಂದಿ ಚರಂಡಿಗೆ ಹಾಕಿದ್ದಕ್ಕೆ" ಅಂದರು. ಮಗಳ ಮನೆಗೆ ಹೋಗಿದ್ದಾರೆ ಅಂದೆ. ಸುಳ್ಳೇನಲ್ಲ. ಚಿಂದಿ ನಾನೇ ಎತ್ತಿ ಹಾಕಿದೆ, ಬೈಯಲು ಬರಲಿಲ್ಲ. ಗೊಣಗಜ್ಜಿ ಮಾತು ಬಿಟ್ಟಿದ್ದಾಳೆ. ಮಿಕ್ಕವರು ನನ್ನ ಬೆನ್ನು ತಟ್ಟುತ್ತಾರೆ, ಟೀ ಕುಡಿಸುತ್ತಾರೆ. ಅದನ್ನೇ ತಾಳಲು ಆಗುತ್ತಿಲ್ಲ.

ಈ ಕಾಗದದ ಜೊತೆ ಒಂದು ಪತ್ರ ಇಟ್ಟಿದ್ದೇನೆ. ನಿವೃತ್ತಿಗೆ ನೀನು ಒಪ್ಪಿದ್ದೀಯ ಅನ್ನುವ ಪತ್ರ. ಕೆಳಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ನಿನ್ನ ಸಹಿ ಬೀಳಬೇಕು. ಅದು ಬಂದರೆ ಮಾತ್ರ ಒಪ್ಪಂದ ಕಾರ್ಮಿಕ ಕಚೇರಿಗೆ ಹೋಗಿ ಗಟ್ಟಿಯಾಗುತ್ತದೆ. ಬರದಿದ್ದರೆ ಈಗ ಹೋಗುತ್ತಿರುವ ಕೆಲಸವೂ ನಿಂತು ಎಲ್ಲರೂ ಮತ್ತೆ ಗೇಟಿನ ಹೊರಗೆ. ಬೇಗ ಕಳಿಸಲು ಹೇಳು ಅಂತ ಡ್ರೈವರಣ್ಣ ನಿನ್ನೆಯಿಂದ ಮೂರು ಸಲ ಮನೆಗೆ ಬಂದು ಹೇಳಿದ. ನೀನು ಬೇಡ ಅಂದರೆ ಯಾರೂ ನಿನ್ನನ್ನು ತಪ್ಪು ತಿಳಿಯುವ ಹಾಗಿಲ್ಲ, ಆದರೆ ತಿಳಿಯುತ್ತಾರೆ. ಎಲ್ಲರ ಮುಖ ನೆನೆಸಿಕೊಂಡು ಸಹಿ ಮಾಡಿ ಕಳಿಸಿಬಿಡು ಅಕ್ಕಾ. ಇದನ್ನು ಬರೆಯುವ ಯೋಗ್ಯತೆ ನನಗಿಲ್ಲ, ಆದರೂ ಬರೆದಿದ್ದೇನೆ.

ಮಗಳಿಗೂ ಅಳಿಯಂದಿರಿಗೂ ನನ್ನ ನೆನಪು ಹೇಳು. ಪುಟ್ಟಿಯ ಕೆನ್ನೆಗೆ ಈ ಅಜ್ಜನ ಒಂದು ಮುತ್ತು. ಮೆಟ್ಟಿಲು ನಿಧಾನವಾಗಿ ಇಳಿ. ಅಲ್ಲಿ ನಿನ್ನ ಆರೋಗ್ಯ ಚೆನ್ನಾಗಿರಲಿ, ಇಲ್ಲಿಯ ಚಿಂತೆಗೆ ನಿದ್ದೆ ಕೆಡಿಸಿಕೊಳ್ಳಬೇಡ.

ನಿನ್ನ ಕೈತುತ್ತು ತಿಂದು ಬೆಳೆದ,
ತಮ್ಮ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಬಿಟ್ಟದ್ದು. ಅಂಚೆಯವರು ಡಬ್ಬ ಬಿಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕಾಲು ನಡುಗಿ ಕೂತೆ ಅಂತ ಮೇಲೆ ಬರೆದಿದ್ದೇನೆ. ಅದು ಅರ್ಧ. ಸಭೆಗೆ ಮುಂಚೆ ಡ್ರೈವರಣ್ಣ ನನ್ನನ್ನು ಟ್ರ್ಯಾಕ್ಟರಿನ ಹಿಂದೆ ಕರೆದು, "ನಿಮ್ಮಕ್ಕನ ಜಾಗ ಖಾಲಿಯಾದ್ರೆ ಅವರ ಮನೆಯೋರಿಗೇ ಕೊಡ್ತಾರೆ, ನಿನ್ ಹೆಸರು ಬರೆಸಿದ್ದೀನಿ, ಸರದಿ ಗಿರದಿ ಏನಿಲ್ಲ, ಬಾಯ್ಬಿಡ್ಬೇಡ" ಅಂದಿದ್ದ. ಬಾಯಿ ಬಿಡದಿರುವುದು ನನಗೆ ಕಷ್ಟವಾ? ಮಾರುಕಟ್ಟೆ ಬೀದಿಗೆ ನನ್ನನ್ನು ಹಾಕಿರುವುದು ಸದ್ಯಕ್ಕಲ್ಲ. ಗೊತ್ತಿದ್ದೇ ಕೂತೆ. ನಮ್ಮ ಮನೆಯವಳಿಗೂ ಹೇಳಿಲ್ಲ. ಆ ಜಾಗ ನನಗೆ ಬೇಡ ಅಂತ ಇಲ್ಲಿ ಬರೆಯೋಣ ಅಂತಲೇ ಲಕೋಟೆ ಮತ್ತೆ ಬಿಚ್ಚಿದೆ, ಬರೆಯಲು ಆಗುತ್ತಿಲ್ಲ. ಬೇಕು ಅನ್ನಿಸುತ್ತಿದೆ ಅಕ್ಕಾ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಸಹಿ ಮಾಡಬೇಡ.